ಟೀಚರಮ್ಮನಿಗೆ ಯಾರೂ ಬರೆಯದ ಒಂದು ಕಾಗದ

ಮೊನ್ನೆ ಭಾನುವಾರ ಬಳ್ಳಾರಿಯ ಗಾಂಧಿನಗರದ ಕಡೆ ಒಂದು ಅಪಾರ್ಟ್‌ಮೆಂಟಿನ ಮುಂದೆ ಗುಜರಿ ಆಟೋ ನಿಂತಿತ್ತು. ಮೂರನೇ ಮಹಡಿಯಿಂದ ಹಳೇ ಪೇಪರಿನ ಕಟ್ಟು, ಡಬ್ಬಿ, ಕವರಿನ ಗಂಟು ಒಂದರ ಹಿಂದೆ ಒಂದು ಇಳಿಯುತ್ತಿದ್ದವು. ಆ ಮನೆಯಲ್ಲಿ ಬಾಡಿಗೆಗಿರುವ ಟೀಚರಮ್ಮ ಮೆಟ್ಟಿಲ ಪಕ್ಕ ನಿಂತು ಪ್ರತಿ ಕಟ್ಟಿಗೂ ಕೈ ಹಾಕುತ್ತಿದ್ದರು. "ಇದೊಂದು ಬಿಡಪ್ಪ, ಇದರಾಗ ನನ್ನ ಪೆನ್ಶನ್ ಕಾಗದ ಅದಾವ." ಆಟೋ ಹುಡುಗ ಮಾಲೀಕರ ಮುಖ ನೋಡಿದ. ಮಾಲೀಕರು "ಹಾಕೋ" ಅಂದರು. ಕಟ್ಟು ತಕ್ಕಡಿಗೆ ಹೋಯಿತು.

ಅವರ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಬೇಡ ಅಂದರು, ಟೀಚರಮ್ಮ ಅಂತಲೇ ಇರಲಿ.

ನಾನು ಮಧ್ಯೆ ಹೋಗಿ ಕೇಳಿದ್ದಕ್ಕೆ ಮಾಲೀಕರು ಹೇಳಿದ್ದು: "ಮೇಡಂ, ಮನೆ ನಂದು. ನನ್ನ ಮನೆ ನಾನು ಕ್ಲೀನ್ ಮಾಡಿಸಾಕೆ ಯಾರನ್ನ ಕೇಳ್ಬೇಕು?" ನೋಟಿಸ್ ಕೊಟ್ಟಿದ್ದೀರಾ ಅಂದೆ. "ನೂರು ಸಲ ಬಾಯಾಗ ಹೇಳೀವಿ." ಬರೆದು ಕೊಟ್ಟಿದ್ದೀರಾ ಅಂದೆ. ಉತ್ತರ ಇಲ್ಲ. ಬೀಗ ಒಡೆಸಿದ್ದರು. ಹಳೇ ಬೀಗದ ಜಾಗದಲ್ಲಿ ಹೊಸದು ಬಂದಿತ್ತು, ಅದರ ಕೈ ಅವರ ಜೇಬಿನಲ್ಲಿತ್ತು.

ನಾನು ವಕೀಲಳು, ಈ ಊರಿನ ಕೋರ್ಟಿನಲ್ಲಿ ಹೆಚ್ಚಾಗಿ ಮನೆ ಮಾಲೀಕರ ಪರ ನಿಂತವಳು. ಅವರ ಕಷ್ಟ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಅದಕ್ಕೇ ಇಷ್ಟು ಸಿಟ್ಟು. ಕಾನೂನು ಅವರ ಕೈಯಲ್ಲೇ ಇತ್ತು! ಟೀಚರಮ್ಮನ ಹನ್ನೊಂದು ತಿಂಗಳ ಕರಾರು ಮುಗಿದು ಯಾವ ಕಾಲವಾಯಿತೋ. ತಿಂಗಳಿಗೆ ಒಂಬತ್ತು ಸಾವಿರ ಬಾಡಿಗೆ. 3500 ರೂಪಾಯಿ ದಾಟಿದ ಮನೆಗೆ 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ರಕ್ಷಣೆ ಸಿಗುವುದಿಲ್ಲ. ಉಳಿಯುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಅದರ 106ನೇ ಕಲಂ ಪ್ರಕಾರ ತಿಂಗಳ ಲೆಕ್ಕದ ಬಾಡಿಗೆದಾರರಿಗೆ ಹದಿನೈದು ದಿನದ ಲಿಖಿತ ನೋಟಿಸ್ ಸಾಕು, ಕಾರಣವನ್ನೂ ಹೇಳಬೇಕಿಲ್ಲ. ಬಿಡದಿದ್ದರೆ ದಾವೆ. ದಾವೆ ಗೆದ್ದರೆ ಮನೆ ಬರುತ್ತದೆ, ಬಾಡಿಗೆದಾರರು ಅಲ್ಲಿಯವರೆಗಿನ ಪರಿಹಾರವನ್ನೂ ಕಟ್ಟಬೇಕಾಗುತ್ತದೆ. ಕರಾರು ಚಾಲ್ತಿಯಲ್ಲಿದ್ದು, ಷರತ್ತು ಮುರಿದರೆ ಮನೆ ವಾಪಸ್ ಅಂತ ಅದರಲ್ಲಿ ಬರೆದಿದ್ದರೂ, ಯಾವ ಷರತ್ತು ಮುರಿದಿದೆ ಅಂತ ಬರೆದು, ಸರಿಪಡಿಸಲು ತಕ್ಕಷ್ಟು ಕಾಲ ಕೊಡಬೇಕು ಅನ್ನುತ್ತದೆ ಅದೇ ಕಾಯ್ದೆಯ 114ಎ ಕಲಂ. ಯಾವ ದಾರಿ ಹಿಡಿದರೂ ಮೊದಲು ಒಂದು ಕಾಗದ ಬೇಕು. ಒಂದೇ ಒಂದು ಕಾಗದ.

"ಬೆಂಕಿ ಬಿದ್ದಿದ್ರೆ ನೀವು ಬರ್ತಿದ್ರಾ?" ಅಂತ ಕೆಳಗಿನ ಮನೆಯವರು ಕೇಳಿದರು. ಅವರ ಭಯ ಸುಳ್ಳಲ್ಲ, ಆ ಮನೆ ನಾನೂ ನೋಡಿದ್ದೇನೆ. ಬಾಗಿಲಿನಿಂದ ಅಡುಗೆಮನೆಗೆ ಒಂದು ಅಡಿ ದಾರಿ, ಅಡ್ಡಡ್ಡ ನಡೆಯಬೇಕು. ಎರಡೂ ಕಡೆ ಎದೆಮಟ್ಟ ಪೇಪರ್, ಪ್ರತಿ ಕಟ್ಟಿಗೂ ಸುತಳಿ ದಾರ, ದಾರಕ್ಕೆ ಸಿಕ್ಕಿಸಿದ ಚೀಟಿಯಲ್ಲಿ ದುಂಡನೆಯ ಮೇಷ್ಟ್ರ ಅಕ್ಷರದಲ್ಲಿ ತಿಂಗಳು, ವರ್ಷ. ಪಕ್ಕದಲ್ಲೇ ಗ್ಯಾಸ್ ಸಿಲಿಂಡರ್. ಬಳ್ಳಾರಿ ಬೇಸಿಗೆ ಬೇರೆ. ಭಯ ಆಗದೇ ಇರುತ್ತದೆಯೇ? ಆದರೆ ಆ ಭಯಕ್ಕೂ ಕಾನೂನಿನಲ್ಲಿ ದಾರಿ ಇದೆ. ಅಕ್ಕಪಕ್ಕದವರ ಆರೋಗ್ಯಕ್ಕೆ, ನೆಮ್ಮದಿಗೆ ಕುತ್ತು ತರುವ ಸಾಮಾನನ್ನು ತೆಗೆಯಿರಿ ಎಂದು ಆದೇಶಿಸುವ ಅಧಿಕಾರ ಸಿಆರ್‌ಪಿಸಿ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂನಲ್ಲಿ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗಿದೆ. ಬೆಂಕಿ ಹತ್ತುವ ವಸ್ತುವಿನ ಬಗ್ಗೆ ಜೀವಕ್ಕೆ ಅಪಾಯವಾಗುವಷ್ಟು ಅಜಾಗರೂಕತೆ ತೋರಿದರೆ ಐಪಿಸಿ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 287ನೇ ಕಲಂನಲ್ಲಿ ಆರು ತಿಂಗಳವರೆಗೆ ಜೈಲು ಅಥವಾ ಎರಡು ಸಾವಿರದವರೆಗೆ ದಂಡ, ಇಲ್ಲವೇ ಎರಡೂ. ಟೀಚರಮ್ಮನ ಮೇಲೆ ಇಷ್ಟೆಲ್ಲ ಬರಬಹುದಿತ್ತು. ಬಂದಿದ್ದರೆ ನಾನು ಅವರ ಪಕ್ಕ ಕೂತು "ಅಮ್ಮಾ, ಖಾಲಿ ಮಾಡೋಣ" ಅಂತ ನಾನೇ ಹೇಳುತ್ತಿದ್ದೆ. ಎರಡು ವರ್ಷ ಅಸೋಸಿಯೇಷನ್ನಿನ ವಾಟ್ಸಾಪ್ ಗುಂಪಿನಲ್ಲಿ ಜಿರಳೆಯ ಫೋಟೋ ಹಾಕಿದವರಲ್ಲಿ ಒಬ್ಬರೂ ಅರ್ಜಿ ಬರೆಯಲಿಲ್ಲ. ಕಾಗದ ಕಂಡರೆ ಎತ್ತಿಡುವ ಆ ಹೆಂಗಸಿಗೆ ಯಾರೂ ಒಂದು ಕಾಗದ ಬರೆಯಲಿಲ್ಲ.

ಇನ್ನು ನನ್ನ ಮನೆಯ ಮಾತು. 2011ರಲ್ಲಿ ಅವ್ವ ತಿರುಪತಿಗೆ ಹೋದಾಗ ಸಿರುಗುಪ್ಪದ ಮನೆಯ ಹಿಂದಿನ ಕೋಣೆಯನ್ನು ನಾನೂ ತಮ್ಮನೂ ಖಾಲಿ ಮಾಡಿದೆವು. ಎಣ್ಣೆ ಡಬ್ಬಿ, ಹರಿದ ಸೀರೆಯ ಅಂಚು, ಹಿಡಿ ಹೋದ ಪಾತ್ರೆ, ಮಡಚಿ ಮಡಚಿ ಇಟ್ಟ ಸಾವಿರ ಕವರ್. ಸುಣ್ಣ ಹೊಡೆಸಿ, ಖುಷಿಯಾಗುತ್ತಾಳೆ ಅಂತ ಕಾದೆವು. ಅವ್ವ ಬಾಗಿಲಲ್ಲಿ ನಿಂತು "ಯಾರು ಬಂದಿದ್ರು?" ಅಂದಳು, ಕಳ್ಳತನ ಆದ ಮನೆಯವರು ಕೇಳುವ ಹಾಗೆ. ಆರು ತಿಂಗಳಲ್ಲಿ ಕೋಣೆ ಮತ್ತೆ ತುಂಬಿತು. ಅಲ್ಲಿಂದಾಚೆ ಅದಕ್ಕೆ ಬೀಗ ಹಾಕಿ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಓಡಾಡಿದಳು, ಸಾಯುವವರೆಗೆ. ನಾನು ವಕೀಲಳಾಗಿದ್ದೂ ಅವಳನ್ನು ಒಂದು ಮಾತು ಕೇಳಿರಲಿಲ್ಲ. ಭಾನುವಾರ ಆ ಆಟೋ ನೋಡಿದಾಗ ನನಗೆ ನೆನಪಾದದ್ದು ಅದೇ.

ಏನನ್ನೂ ಬಿಸಾಡಲಾಗದ ಈ ಸ್ಥಿತಿಗೆ ವೈದ್ಯರು ಹೋರ್ಡಿಂಗ್ ಡಿಸಾರ್ಡರ್ ಅನ್ನುತ್ತಾರೆ. 2013ರಲ್ಲಿ ಅಮೆರಿಕದ ಮನೋವೈದ್ಯರು ಇದನ್ನು ಬೇರೆಯೇ ಕಾಯಿಲೆಯಾಗಿ ಪಟ್ಟಿಗೆ ಸೇರಿಸಿದರು, ಆಮೇಲೆ ವಿಶ್ವ ಆರೋಗ್ಯ ಸಂಸ್ಥೆಯೂ ಸೇರಿಸಿತು. ಟೀಚರಮ್ಮನಿಗೆ ಅದೇ ಇದೆ ಅಂತ ನಾನು ಹೇಳುವ ಹಾಗಿಲ್ಲ, ಡಾಕ್ಟರು ನೋಡಿ ಹೇಳಬೇಕು. ಆದರೆ ಕರೆದುಕೊಂಡು ಹೋಗೋಣ ಅಂತಲಾದರೂ ಯಾರಿಗಾದರೂ ಅನಿಸಿತಾ? 1985ರಿಂದ ಐದು ವರ್ಷ ನಿಮ್ಹಾನ್ಸ್‌ನವರು ಹಳ್ಳಿಯ ಆಸ್ಪತ್ರೆಗಳಲ್ಲೇ ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಕೊಡಿಸಿ ತೋರಿಸಿದ್ದು ನಮ್ಮ ಜಿಲ್ಲೆಯಲ್ಲಿ. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಅಂಥ ಊರಿನಲ್ಲಿ ಒಬ್ಬ ಮುದುಕಿಗೆ ನಾವು ಕರೆಸಿದ್ದು ಗುಜರಿಯವನನ್ನು. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ಮಾಲೀಕರಿಗೆ ಇನ್ನೊಂದು ಮಾತು. ಯಾರೇ ಆಗಲಿ, ನೆಲೆನಿಂತವರನ್ನು ಕಾನೂನಿನ ದಾರಿ ಬಿಟ್ಟು ಹೊರಹಾಕುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಹಾಗೆ ಹೊರಹಾಕಿಸಿಕೊಂಡವರು ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂನಲ್ಲಿ ಆರು ತಿಂಗಳೊಳಗೆ ದಾವೆ ಹಾಕಿದರೆ ಮನೆ ಯಾರದು ಅಂತ ಕೋರ್ಟ್ ನೋಡುವುದಿಲ್ಲ, ಯಾರ ಸ್ವಾಧೀನದಲ್ಲಿತ್ತು ಅಂತ ನೋಡುತ್ತದೆ. ದಾವೆಯ ಕರಡು ನನ್ನ ಮೇಜಿನ ಮೇಲಿದೆ.

ನಿನ್ನೆ ಕೌಲ್ ಬಜಾರಿನ ಗುಜರಿ ಅಂಗಡಿಗೆ ಹೋಗಿ ಬಂದೆ. ಪೇಪರೆಲ್ಲ ಲಾರಿಗೆ ಹೋಗಿಬಿಟ್ಟಿತ್ತು. ಆ ಆಟೋ ಹುಡುಗ ಪೆನ್ಶನ್ ಕಾಗದದ ಕಟ್ಟನ್ನು ಮಾತ್ರ ಬಿಚ್ಚದೆ ಪಕ್ಕಕ್ಕೆ ಇಟ್ಟಿದ್ದ. ತಂದು ಟೀಚರಮ್ಮನ ಕೈಗೆ ಕೊಟ್ಟೆ. ತಂಗಿಯ ಮನೆಯ ವರಾಂಡದಲ್ಲಿ ಕೂತು ಒಂದೊಂದೇ ಹಾಳೆ ಎಣಿಸಿದರು. ಆ ಅಪಾರ್ಟ್‌ಮೆಂಟಿನವರು ಯಾರಾದರೂ ಇದನ್ನು ಓದುತ್ತಿದ್ದರೆ, ಹೊಸ ಬೀಗದ ಕೈಯನ್ನು ಸೋಮವಾರದೊಳಗೆ ಅವರಿಗೆ ಕೊಡಿಸಿ. ಮನೆಯ ಸಾಮಾನು ಖಾಲಿ ಮಾಡಿಸಲು ನಾನೇ ಬಂದು ಅವರ ಜೊತೆ ಕೂರುತ್ತೇನೆ, ಎಷ್ಟು ದಿನ ಹಿಡಿದರೂ.