ಎತ್ತಂಗಡಿ

ನಮ್ಮಪ್ಪ ಸರ್ಕಾರಿ ನೌಕರರು. ಮೂರ್ನಾಲ್ಕು ವರ್ಷಕ್ಕೊಮ್ಮೆ ಮನೆಯಲ್ಲಿ ರಟ್ಟಿನ ಡಬ್ಬಗಳು ಕಾಣಿಸಿಕೊಳ್ಳುತ್ತಿದ್ದವು. ಹಾವೇರಿ, ಚಿಂತಾಮಣಿ, ಕೊನೆಗೆ ತಿಪಟೂರು. ಆದೇಶ ಬರುತ್ತಿದ್ದದ್ದು ಸಾಮಾನ್ಯವಾಗಿ ಮೇ-ಜೂನ್‌ನಲ್ಲಿ, ನಮ್ಮ ಪರೀಕ್ಷೆ ಮುಗಿದ ಮೇಲೆ. ವರ್ಷದ ನಡುವೆ ಬಂದರೆ ಅದರ ಹೆಸರೇ ಬೇರೆ: ಎತ್ತಂಗಡಿ. ಆಗ ಅಪ್ಪ ವಶೀಲಿ ಹುಡುಕಿಕೊಂಡು ಯಾರದ್ದೋ ಮನೆ ಬಾಗಿಲಿಗೆ ಹೊರಡುತ್ತಿದ್ದರು.

ಟೊರೊಂಟೊಗೆ ಬಂದು ಐಸ್ ಹಾಕಿ ಆಟ ನೋಡಲು ಶುರುಮಾಡಿದ ಮೇಲೆ ಆ ಪದ ಮತ್ತೆ ನೆನಪಾಯಿತು. ಇಲ್ಲಿ ಎತ್ತಂಗಡಿಯೇ ಹಬ್ಬ. ಫೆಬ್ರವರಿ ಕೊನೆಗೋ ಮಾರ್ಚ್ ಶುರುವಿಗೋ ಟ್ರೇಡ್ ಡೆಡ್‌ಲೈನ್ ಬರುತ್ತದೆ, ಅಂದರೆ ಟೀಮುಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳಲು ಕೊನೇ ದಿನ. ಯಾವ ಆಟಗಾರ ಯಾವ ಊರಿಗೆ ಎಂದು ಟಿವಿಯವರು ಚುನಾವಣೆ ಫಲಿತಾಂಶದ ಹಾಗೆ ಬೆಳಗ್ಗೆಯಿಂದ ಹೇಳುತ್ತಾ ಕೂರುತ್ತಾರೆ.

ನನ್ನ ತಲೆಯಲ್ಲಿ ಉಳಿದವರು ರಾನ್ ಹೇನ್ಸಿ. 2017ರಿಂದ ಎರಡು ಸೀಸನ್ ನಮ್ಮ ಟೊರೊಂಟೊ ಟೀಮು ಮೇಪಲ್ ಲೀಫ್ಸ್‌ಗೆ ಆಡಿದ ಡಿಫೆನ್ಸ್‌ಮನ್. ಎದುರಾಳಿಯನ್ನು ಗೋಡೆಗೆ ಒತ್ತಿ ಪಕ್ (ಚೆಂಡಿನ ಬದಲಿನ ರಬ್ಬರ್ ಬಿಲ್ಲೆ) ಕಸಿಯುವುದು, ಶಾಟ್‌ಗೆ ಮೈಯೊಡ್ಡುವುದು, ನಮ್ಮವನೊಬ್ಬ ಪೆನಾಲ್ಟಿಯಲ್ಲಿ ಹೊರಗೆ ಕೂತಾಗ ನಾಲ್ಕೇ ಜನ ಐವರನ್ನು ತಡೆಯುವುದು. ಇಂಥ ಕೆಲಸ. ಆಗ ವಯಸ್ಸು 36. ನಿಧಾನ ಎಂದು ಆಫೀಸಿನಲ್ಲಿ ಗೊಣಗದವರಿಲ್ಲ.

ಅವರ ಊರುಗಳನ್ನು ನೋಡಿದರೆ ಅಪ್ಪನ ಸರ್ವಿಸ್ ರಿಜಿಸ್ಟರ್ ಕಣ್ಣಿಗೆ ಬರುತ್ತದೆ. 2000ದಲ್ಲಿ ಮಾಂಟ್ರಿಯಲ್ ಟೀಮು ಅವರನ್ನು ಡ್ರಾಫ್ಟ್‌ನಲ್ಲಿ, ಅಂದರೆ ಟೀಮುಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವಲ್ಲಿ, 13ನೆಯವರಾಗಿ ಆರಿಸಿತು. 2005ರ ನವೆಂಬರ್‌ನಲ್ಲಿ ವೇವರ್ಸ್‌ಗೆ ಹಾಕಿತು. ಅಂದರೆ, ಬೇಕಾದವರು 24 ಗಂಟೆಯೊಳಗೆ ಕರೆದುಕೊಂಡು ಹೋಗಿ ಅಂತ. ಕೊಲಂಬಸ್ ಕರೆದುಕೊಂಡಿತು. ಆಮೇಲೆ ಅಟ್ಲಾಂಟಾ. 2011ರಲ್ಲಿ ಅಲ್ಲಿಂದ ಇಡೀ ಟೀಮೇ ವಿನಿಪೆಗ್‌ಗೆ ಹೋಯಿತು, ಆಫೀಸಿಗೆ ಆಫೀಸೇ ವರ್ಗ! ಮುಂದೆ ಕೆರೊಲೈನಾ. ಇಷ್ಟು ಊರು ಸುತ್ತಿ 907 ಪಂದ್ಯ ಆಡಿದರೂ ಒಂದೇ ಒಂದು ಪ್ಲೇಆಫ್ ಪಂದ್ಯ, ಅಂದರೆ ಸೀಸನ್ ಕೊನೆಯ ನಾಕೌಟ್ ಸುತ್ತಿನ ಪಂದ್ಯ, ಇಲ್ಲ. ಪ್ಲೇಆಫ್‌ಗೆ ಇಷ್ಟು ಕಾದವರು ಅಲ್ಲಿಯವರೆಗೆ ಲೀಗಿನಲ್ಲೇ ಬೇರೆ ಯಾರೂ ಇರಲಿಲ್ಲ.

2017ರ ಫೆಬ್ರವರಿ 23ಕ್ಕೆ ಪಿಟ್ಸ್‌ಬರ್ಗ್‌ಗೆ ಎತ್ತಂಗಡಿ. ಅಲ್ಲಿನ ದೊಡ್ಡ ಡಿಫೆನ್ಸ್‌ಮನ್ ಕ್ರಿಸ್ ಲೆಟಾಂಗ್‌ಗೆ ಕತ್ತಿನ ಆಪರೇಷನ್ ಆಗಿ ಜಾಗ ಖಾಲಿಯಾಯಿತು. ಹೇನ್ಸಿ ತುಂಬಿದರು. ಜೂನ್ 11ಕ್ಕೆ ಲೀಗ್ ಗೆದ್ದವರಿಗೆ ಸಿಗುವ ಸ್ಟಾನ್ಲಿ ಕಪ್ ಬಂತು. ಕ್ಯಾಪ್ಟನ್ ಸಿಡ್ನಿ ಕ್ರಾಸ್ಬಿ ತಾನು ಎತ್ತಿದ ಮೇಲೆ ಕಪ್ಪನ್ನು ಮೊದಲು ಕೊಟ್ಟದ್ದು ಯಾರ ಕೈಗೆ ಗೊತ್ತಾ? ಬಂದು ನಾಲ್ಕು ತಿಂಗಳೂ ಆಗದ ಹೇನ್ಸಿ ಕೈಗೆ.

ಇಲ್ಲಿಯವರ ಈ ಗುಣ ನನಗೆ ಇಷ್ಟ. ಹೊಸಬ ಬಂದ ದಿನದಿಂದಲೇ ನಮ್ಮವನು. ನಮ್ಮಲ್ಲಿ ವರ್ಗವಾಗಿ ಬಂದವರ ಬಗ್ಗೆ ಮೊದಲು ಕೇಳುವ ಮಾತು, 'ಅಲ್ಲೇನು ಮಾಡ್ಕೊಂಡು ಬಂದ್ರಂತೆ?'

ಆದರೆ ಒಪ್ಪಿಗೆ ಕೇಳುವುದು ಇಲ್ಲೂ ಇಲ್ಲ. 'ನನ್ನನ್ನು ಕಳಿಸಬೇಡಿ' ಎಂದು ಕರಾರಿನಲ್ಲೇ ಬರೆಸಿಕೊಳ್ಳಬಹುದು ನಿಜ, 27 ವಯಸ್ಸೋ ಏಳು ಸೀಸನ್ನೋ ಆದ ಮೇಲೆ. ಕ್ಲಬ್ ಒಪ್ಪಬೇಕಲ್ಲ? ದೊಡ್ಡ ಹೆಸರಿದ್ದರೆ ಒಪ್ಪುತ್ತದೆ. ಉಳಿದವರು ಸೂಟ್‌ಕೇಸ್ ಹಿಡಿದು ಅದೇ ಸಂಜೆ ವಿಮಾನ ಹತ್ತಬೇಕು. ವಶೀಲಿ ಅಂದರೆ ಇದೂ ವಶೀಲಿಯೇ, ಸ್ಟಾಂಪ್ ಪೇಪರ್ ಮೇಲಿದೆ ಅಷ್ಟೇ.

ಹೋದ ಸಲ ಫೋನಿನಲ್ಲಿ ಅಪ್ಪನಿಗೆ ಈ ಕಥೆಯೆಲ್ಲ ಹೇಳಿದೆ. ಕಪ್ಪಿನ ವಿಷಯ ಅವರಿಗೆ ಅಷ್ಟೇನೂ ನಾಟಲಿಲ್ಲ.

'ಫೆಬ್ರವರಿಯಲ್ಲಾ?' ಎಂದರು. 'ಮಕ್ಕಳ ಪರೀಕ್ಷೆ ಕಥೆ ಏನಪ್ಪಾ?'