ಸವೆದಿದ್ದು ಡಿಸ್ಕು, ಹೋಗಿದ್ದು ನನ್ನ ಮರ್ಯಾದೆ

ನಮ್ಮನೇಲಿ ಒಂದು ಹಳೇ ಎಟಿವಿ ಇದೆ, ಅದೇ ಕೆಸರು ಕಲ್ಲು ಏನೂ ನೋಡದೆ ನುಗ್ಗೋ ನಾಲ್ಕು ದಪ್ಪ ಚಕ್ರದ ಗಾಡಿ. ಅದಕ್ಕೆ ಹಾರ್ನ್ ಇಲ್ಲ, ಬೇಕಾಗಿಯೂ ಇರ್ಲಿಲ್ಲ ಬಿಡಿ. ಬ್ರೇಕ್ ಹಿಡಿದ್ರೆ ಸಾಕು ಮುಂದಿನ ಬಲಗಡೆ ಚಕ್ರದಿಂದ ಕಿರ್ರ್ರ್ ಅಂತ ಒಂದು ಸದ್ದು ಬರೋದು, ಅದು ಕಿವಿಗೆ ಬಿದ್ದ ತಕ್ಷಣ ಮಕ್ಕಳಿಬ್ರೂ ಮೊಬೈಲ್ ಬಚ್ಚಿಟ್ಟು ಪುಸ್ತಕ ಹಿಡ್ಕೊಂಡು ಕೂತ್ಕೊಳ್ಳೋರು. ನಾನು ಒಳಗೆ ಬಂದು ನೋಡಿ ಎಷ್ಟು ಓದ್ತಾರೆ ಪಾಪ ಅಂತ ಖುಷಿಪಡ್ತಿದ್ದೆ, ಚಿಕ್ಕೋನ ಪುಸ್ತಕ ಒಮ್ಮೊಮ್ಮೆ ತಲೆಕೆಳಗಾಗಿರೋದು ಆಗ ಕಣ್ಣಿಗೆ ಬೀಳ್ತಿರ್ಲಿಲ್ಲ.

"ರೀ, ಆ ಬ್ರೇಕ್ ಒಂದು ಸಲ ನೋಡ್ಬಾರ್ದಾ" ಅಂತ ನಮ್ಮನೆಯವಳು ಹೇಳಿದಾಗೆಲ್ಲ ನಾನು ನೋಡಿದ್ದೀನಿ, ಸುಳ್ಳಲ್ಲ. ಟಾರ್ಚ್ ಹಿಡ್ಕೊಂಡು ಬಗ್ಗಿ, ಚಕ್ರದ ಸಂದಿಯಿಂದ ಹೊರಗಡೆ ಪ್ಯಾಡ್ (ಚಕ್ರದ ಜೊತೆ ತಿರುಗೋ ಡಿಸ್ಕ್ ಅನ್ನೋ ತಟ್ಟೇನ ಎರಡೂ ಕಡೆಯಿಂದ ಅದುಮಿ ನಿಲ್ಲಿಸೋ ಜೋಡಿ ಬಿಲ್ಲೇಲಿ ಒಂದು) ನೋಡಿ "ಇನ್ನೂ ಅರ್ಧ ಇದೆ ಕಣೆ, ಧೂಳಿಗೆ ಕೂಗ್ತಿದೆ ಅಷ್ಟೆ" ಅಂತ ತೀರ್ಪು ಕೊಟ್ಟಿದ್ದೀನಿ. ಬ್ರೇಕ್ ಆಯಿಲ್ ಕಮ್ಮಿ ಆಗಿತ್ತು, ಅದನ್ನೂ ಡಬ್ಬಿ ತುಂಬ ತುಂಬ್ಸಿ ಮುಚ್ಚಳ ಹಾಕಿದ್ದೆ. ಪ್ಯಾಡ್ ಸವೆದಷ್ಟೂ ಅದನ್ನ ಒತ್ತೋ ಪಿಸ್ಟನ್ ಹೊರಗೆ ಬರುತ್ತೆ, ಆ ಜಾಗ ತುಂಬೋಕೆ ಆಯಿಲ್ ಕೆಳಗಿಳಿಯುತ್ತೆ, ಅಂದ್ರೆ ಗಾಡಿ ನನಗೆ ಎರಡೆರಡು ಭಾಷೇಲಿ ಹೇಳ್ತಾ ಇತ್ತು, ನನಗೆ ಎರಡೂ ಬರ್ತಿರ್ಲಿಲ್ಲ.

ಒಂದಿನ ಕಿರ್ರ್ ಹೋಗಿ ಗರಗರ ಶುರುವಾಯ್ತು, ಹಿಟ್ಟಿನ ಗಿರಣಿಗೆ ಕಲ್ಲು ಬಿದ್ದ ಹಾಗೆ. ಲಿವರ್ ಬೇರೆ ಬೆರಳಿಗೆ ಡಬ್ ಡಬ್ ಅಂತ ಹೊಡೀತಿತ್ತು. ಸರಿ ಅಂತ ಜಾಕ್ ಕೊಟ್ಟು, ಚಕ್ರ ಬಿಚ್ಚಿ, ಪ್ಯಾಡು ಪಿಸ್ಟನ್ ಎಲ್ಲ ಹಿಡಿದಿರೋ ಕ್ಯಾಲಿಪರ್ ಎತ್ತಿ ನೋಡ್ತೀನಿ, ಹೊರಗಿನ ಪ್ಯಾಡ್ ನಾನು ಹೇಳಿದ ಹಾಗೇ ಅರ್ಧ ಇದೆ, ಒಳಗಿನ ಪ್ಯಾಡ್ ಇಲ್ಲವೇ ಇಲ್ಲ. ಹಿಂದಿನ ಕಬ್ಬಿಣದ ತಗಡು ಮಾತ್ರ ಉಳ್ಕೊಂಡು ನೇರವಾಗಿ ಡಿಸ್ಕನ್ನೇ ತಿಂತಾ ಇತ್ತು.

ವಿಷಯ ಏನಪ್ಪಾ ಅಂದ್ರೆ ಇಂಥ ಕ್ಯಾಲಿಪರಲ್ಲಿ ಪಿಸ್ಟನ್ ಇರೋದು ಒಳಗಡೆ ಮಾತ್ರ. ಅದು ಒಳಗಿನ ಪ್ಯಾಡನ್ನ ಒತ್ತಿದಾಗ ಇಡೀ ಕ್ಯಾಲಿಪರ್ ಎರಡು ಪಿನ್ ಮೇಲೆ ಜಾರಿ ಹೊರಗಿನ ಪ್ಯಾಡನ್ನೂ ಎಳ್ಕೊಂಡು ಬರಬೇಕು. ನನ್ನ ಗಾಡೀಲಿ ರಬ್ಬರ್ ಹರಿದು ಪಿನ್ನಿಗೆ ಕೆಸರು ನೀರು ಹೋಗಿ ತುಕ್ಕು ಹಿಡಿದು ಜಾರೋದೇ ನಿಂತಿತ್ತು, ಹಾಗಾಗಿ ಎಲ್ಲ ಕೆಲಸ ಒಳಗಿನ ಪ್ಯಾಡೇ ಮಾಡಿ ಸತ್ತಿದೆ, ಹೊರಗಿನವ್ನು ಹಾಜರಿ ಹಾಕಿ ಸುಮ್ನೆ ಕೂತಿದ್ದಾನೆ, ನಾನು ಇಷ್ಟು ದಿನ ಅವನನ್ನೇ ನೋಡ್ಕೊಂಡು ಬಂದಿದ್ದೀನಿ!

ಡಿಸ್ಕ್ ಒಳಮೈ ಮೇಲೆ ಹಳೇ ಗ್ರಾಮಫೋನ್ ಪ್ಲೇಟಿನ ಹಾಗೆ ಗೀರು. ಆದ್ರೂ ಆಸೆ ನೋಡಿ, ಡಿಸ್ಕಿನ ಮೇಲೇ ಕನಿಷ್ಠ ದಪ್ಪ 3 ಮಿ.ಮೀ. ಅಂತ ಕೊರೆದಿದ್ದಾರೆ, ನಾನು ವರ್ನಿಯರ್ ಇಟ್ಟು ಅಳೆದ್ರೆ 3.6 ಬಂತು. ಡಿಸ್ಕ್ ಬಚಾವ್ ಅಂತ ಅಲ್ಲೇ ಕುಣಿದಾಡ್ಬಿಟ್ಟೆ. ಭಾಮೈದ ಬಂದಿದ್ದ, ನೋಡಿ ನಕ್ಕ. "ಭಾವ, ಅಂಚಿಗೆ ಪ್ಯಾಡ್ ತಾಗೋದೇ ಇಲ್ಲ, ಅಲ್ಲಿ ಸವೆಯಲ್ಲ, ನೀವು ಆ ದಿಣ್ಣೇನ ಅಳೀತಿದ್ದೀರ." ಮೈಕ್ರೋಮೀಟರ್ ತಂದು ಪ್ಯಾಡ್ ಉಜ್ಜೋ ಜಾಗದಲ್ಲೇ ನಾಲ್ಕು ಕಡೆ ಇಟ್ಟ, 2.6, 2.7, 2.5, 2.6. ತೆಳ್ಳಗಾದ ಡಿಸ್ಕ್ ಬೇಗ ಕಾಯುತ್ತೆ, ಸೊಟ್ಟ ಆಗುತ್ತೆ, ಬಿರುಕೂ ಬಿಡಬಹುದು, ಇದನ್ನ ಲೇತಲ್ಲಿ ಕಡೆಸಿ ನೈಸ್ ಮಾಡ್ಸೋಣ ಅಂದ್ರೆ ಕಡೆಯೋಕೆ ಉಳಿದಿರಬೇಕಲ್ಲ. ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಗೊಂಡ್ರು ಅಂತಾರೆ, ನಾನು ಕೊಡಲಿ ಬೇಕಾಗೋವರೆಗೂ ಕಾದಿದ್ದೆ.

ಹೊಸ ಡಿಸ್ಕು, ಎರಡೂ ಕಡೆಗೆ ಹೊಸ ಪ್ಯಾಡು ಬಂತು. ಇನ್ನು ಹಳೇದನ್ನ ಬಿಚ್ಚೋದು. ಸ್ಪ್ಲಿಟ್ ಪಿನ್ ತೆಗ್ದು ನಟ್ ಬಿಚ್ಚಿ, ಚಕ್ರ ಡಿಸ್ಕ್ ಎರಡೂ ಕೂರೋ ಹಬ್ ಎಳ್ಕೊಂಡೆ, ಬೆಣ್ಣೇಲಿ ಕೂದಲು ತೆಗೆದ ಹಾಗೆ ಬಂತು. ಡಿಸ್ಕನ್ನ ಹಿಡಿದಿರೋದು ನಾಲ್ಕು ಆಲನ್ ಬೋಲ್ಟು. ಮೂರು ಬಂದ್ವು. ನಾಲ್ಕನೇದರ ತಲೆ ಸ್ಲಿಪ್ ಆಗಿ ಗುಂಡಗಾಯ್ತು. ಮರಳು, ತುಕ್ಕು, ಮೇಲೆ ಕಂಪನಿಯವರು ಹಾಕಿರೋ ಗೋಂದು, ಮೂರೂ ಸೇರಿದ್ರೆ ಸಂಬಂಧ ಅಷ್ಟು ಸುಲಭಕ್ಕೆ ಬಿಡಲ್ಲ. ಬ್ಲೋ ಲ್ಯಾಂಪಲ್ಲಿ ಕಾಯ್ಸಿದ್ವಿ, ಬೈದ್ವಿ, ಮತ್ತೆ ಕಾಯ್ಸಿದ್ವಿ. ಕೊನೆಗೆ ಭಾಮೈದ ತಲೆ ಡ್ರಿಲ್ ಮಾಡಿ ಡಿಸ್ಕ್ ಎತ್ತಿ, ಉಳಿದ ಮೊಂಡನ್ನ ವೈಸ್ ಗ್ರಿಪ್ಪಲ್ಲಿ ಕಚ್ಚಿ ತಿರುಗಿಸಿದ.

ಅಷ್ಟರಲ್ಲಿ ಚಿಕ್ಕೋನು "ಅಪ್ಪಾ ಇದು ಬ್ರೇಕಾ?" ಅಂತ ಕೇಳ್ಕೊಂಡೇ ಲಿವರ್ ಹಿಡಿದ. ಕ್ಯಾಲಿಪರ್ ಖಾಲಿ ನೇತಾಡ್ತಿತ್ತು, ತಡೆಯೋಕೆ ಡಿಸ್ಕೂ ಇಲ್ಲ ಪ್ಯಾಡೂ ಇಲ್ಲ, ಪಿಸ್ಟನ್ ನಾಲಿಗೆ ಚಾಚಿದ ಹಾಗೆ ಹೊರಗೆ ಬಂತು. ಇನ್ನೊಂದು ಸಲ ಹಿಡಿದಿದ್ರೆ ಕೈಗೇ ಬರ್ತಿತ್ತು. ಸಿ ಕ್ಲ್ಯಾಂಪ್ ಹಾಕಿ ಮೆಲ್ಲಗೆ ಒಳಗೆ ತಳ್ಳಿದೆ, ಇಲ್ಲಿ ಪಿಸ್ಟನ್ ಹಿಂದಕ್ಕೆ ಹೋದಷ್ಟೂ ಅಲ್ಲಿ ಮೇಲೆ ಡಬ್ಬೀಲಿ ಆಯಿಲ್ ಏರ್ತಾ ಹೋಯ್ತು, ಅದನ್ನ ಕಂಠಮಟ್ಟ ತುಂಬ್ಸಿದ ಮಹಾನುಭಾವ ಯಾರು ಅಂತ ಗೊತ್ತಲ್ಲ, ಮುಚ್ಚಳ ಬೇರೆ ತೆಗ್ದಿಟ್ಟಿದ್ದೆ, ಉಕ್ಕಿ ಬಂದು ಮಡ್‌ಗಾರ್ಡ್ ಮೇಲೆ ಸುರಿದು ಟ್ಯಾಂಕಿನ ಮೇಲೂ ಹರೀತು. ಬ್ರೇಕ್ ಆಯಿಲ್ ಪೇಂಟ್ ತಿನ್ನುತ್ತೆ. ಬಕೆಟ್ ನೀರು ತರೋಷ್ಟರಲ್ಲಿ ಗಾಡೀಲಿ ಚೆನ್ನಾಗಿದ್ದ ಒಂದೇ ಒಂದು ಜಾಗಾನೂ ಬೊಬ್ಬೆ ಎದ್ದಿತ್ತು.

ಹೊಸ ಡಿಸ್ಕಿಗೆ ತುಕ್ಕು ಹಿಡೀದೆ ಇರ್ಲಿ ಅಂತ ಎಣ್ಣೆ ಸವರಿರ್ತಾರೆ, ಅದನ್ನ ಬ್ರೇಕ್ ಕ್ಲೀನರಲ್ಲಿ ಒರೆಸಿದೆ. ಪಿನ್ ಉಜ್ಜಿ ಗ್ರೀಸ್ ಹಚ್ಚಿ ಹೊಸ ರಬ್ಬರ್ ಹಾಕಿದೆ, ಬೋಲ್ಟೂ ಹೊಸದೇ. ಇಷ್ಟೆಲ್ಲ ಜಾಣತನ ಮಾಡ್ದೋನು ಒಂದು ಮರೆತೆ. ಪಿಸ್ಟನ್ ಹಿಂದೆ ತಳ್ಳಿದ ಮೇಲೆ ಲಿವರನ್ನ ಹತ್ತಾರು ಸಲ ಪಂಪ್ ಮಾಡಿ ಪ್ಯಾಡ್ ಡಿಸ್ಕಿಗೆ ತಾಗೋ ಹಾಗೆ ಮಾಡ್ಕೋಬೇಕು, ಆಮೇಲೆ ಗಾಡಿ ಹತ್ತಬೇಕು. ನಾನು ಹತ್ತಿ, ಸ್ಟಾರ್ಟ್ ಮಾಡಿ, ಎಲ್ಲರೂ ನೋಡ್ಲಿ ಅಂತ ರೈಸ್ ಮಾಡ್ಕೊಂಡು ಹೊರಟು ಠೀವಿಯಿಂದ ಬ್ರೇಕ್ ಹಿಡಿದೆ, ಲಿವರ್ ಹೋಗಿ ಹ್ಯಾಂಡಲ್ಲಿಗೇ ಅಂಟ್ಕೊಂತು. ಹಿಂದಿನ ಬ್ರೇಕ್ ಅಂತ ಒಂದು ಪ್ರತ್ಯೇಕ ಇದೆ, ಕಾಲ ಕೆಳಗೇ ಇದೆ ಅನ್ನೋದು ನೆನಪಾಗಿದ್ದು ಒಣಗಾಕಿದ್ದ ಬೆಡ್‌ಶೀಟ್ ಒಳಗೆ ನುಗ್ಗಿ, ಹಗ್ಗ ಕಿತ್ಕೊಂಡು, ಆ ಕಡೆಯಿಂದ ಆಚೆ ಬಂದ ಮೇಲೆ. ಭಾಮೈದ ನೆಲದ ಮೇಲೆ ಕೂತು ನಗ್ತಿದ್ದ. ನಮ್ಮನೆಯವಳು ನಗಲಿಲ್ಲ.

ಬೆಡ್‌ಶೀಟ್ ಎರಡನೇ ಸಲ ಒಗೆದಿದ್ದು ನಾನೇ. ಆಮೇಲೆ ಲಿವರ್ ಪಂಪ್ ಮಾಡಿ ಗಟ್ಟಿ ಮಾಡ್ಕೊಂಡು, ಸ್ವಲ್ಪ ವೇಗ ಹಿಡಿಯೋದು, ಪೂರ್ತಿ ನಿಲ್ಲಿಸದೆ ನಿಧಾನ ಮಾಡೋದು, ತಣ್ಣಗಾಗೋಕೆ ಬಿಡೋದು, ಹೀಗೆ ಹತ್ತು ಸಲ ಹೋಗಿ ಬಂದು ಪ್ಯಾಡನ್ನ ಡಿಸ್ಕಿಗೆ ಕೂರಿಸಿದೆ. ಈಗ ಬ್ರೇಕ್ ಹಿಡಿದ್ರೆ ಉಸಿರಿನ ಸದ್ದೂ ಇಲ್ಲ.

ಮಾರನೇ ದಿನ ಸಂಜೆ ಬಂದು ಗಾಡಿ ನಿಲ್ಲಿಸಿ ಒಳಗೆ ಕಾಲಿಟ್ರೆ ಇಬ್ರೂ ಮೊಬೈಲಲ್ಲಿ ಮುಳುಗಿದ್ದಾರೆ, ಪುಸ್ತಕ ಚೀಲದಲ್ಲೇ ಇದೆ. ನನ್ನ ಮುಖ ನೋಡಿ ಸ್ವಲ್ಪ ಹೊತ್ತು ಯಾರೂ ಮಾತಾಡ್ಲಿಲ್ಲ. ಆಮೇಲೆ ಚಿಕ್ಕೋನು ಮೆಲ್ಲಗೆ ಕೇಳ್ದ, "ಅಪ್ಪಾ, ಆ ಹಳೇ ಡಿಸ್ಕ್ ಬಿಸಾಕಿಲ್ಲ ತಾನೇ?"