ಹೊಳಪಿಗೆ ಹಣ ಕೊಡಬೇಡಿ, ನೀರಿಗಿಳಿಸಿ ನೋಡಿ

ಬಳಸಿದ ಜೆಟ್ ಸ್ಕೀ (ನೀರಿನ ಮೇಲೆ ಓಡಿಸುವ ಸ್ಕೂಟರಿನಂಥ ಯಂತ್ರ) ಮಾರುವವರು ಮೊದಲು ಹೇಳುವ ಮಾತು 'ಬಹಳ ಕಡಿಮೆ ಗಂಟೆ ಓಡಿದೆ' ಎಂದು. ಕೊಳ್ಳುವವರು ಮೊದಲು ಕೇಳುವುದೂ ಅದನ್ನೇ. ಇಡೀ ವ್ಯವಹಾರ ಮೀಟರಿನ ಆ ಒಂದು ಅಂಕಿಯ ಸುತ್ತ ತಿರುಗುತ್ತದೆ. ಆ ಅಂಕಿಗೆ ನಾವು ಕೊಡುತ್ತಿರುವ ಬೆಲೆ ಅತಿಯಾಯಿತು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಎಷ್ಟು ಓಡಿದೆ ಎನ್ನುವುದಕ್ಕಿಂತ ಎಂಥ ನೀರಿನಲ್ಲಿ ಓಡಿದೆ, ಓಡಿದ ಮೇಲೆ ಹೇಗೆ ತೊಳೆದರು, ಓಡದ ತಿಂಗಳುಗಳಲ್ಲಿ ಹೇಗೆ ಇಟ್ಟಿದ್ದರು ಎನ್ನುವುದನ್ನು ಕೇಳಬೇಕು. ಇದಕ್ಕೆ ಮೀಟರಿನಲ್ಲಿ ಉತ್ತರವಿಲ್ಲ.

ವರ್ಷಗಟ್ಟಲೆ ಮೂಲೆಯಲ್ಲಿ ನಿಂತ ಯಂತ್ರವನ್ನು ಕಂಡರೆ ನನಗೆ ಭಯ. ಟ್ಯಾಂಕಿನಲ್ಲಿ ಉಳಿದ ಪೆಟ್ರೋಲ್ ಕೆಟ್ಟು ಅಂಟಾಗುತ್ತದೆ, ಕಾರ್ಬ್ಯುರೇಟರಿನ ಸಣ್ಣ ರಂಧ್ರಗಳು ಮುಚ್ಚುತ್ತವೆ. ಸಿಲಿಂಡರಿನ ಗೋಡೆಯ ಎಣ್ಣೆ ಇಳಿದುಹೋಗಿ ತುಕ್ಕು ಹತ್ತುತ್ತದೆ. ಚಳಿ ಪ್ರದೇಶಗಳಲ್ಲಿ ಒಳಗುಳಿದ ನೀರು ಹೆಪ್ಪುಗಟ್ಟಿ ಎಂಜಿನ್ ಬ್ಲಾಕನ್ನೇ ಸೀಳಬಲ್ಲದು. ತೊಂಬತ್ತರ ದಶಕದ ಸೀ-ಡೂ ಬ್ರ್ಯಾಂಡಿನ ಜೆಟ್ ಸ್ಕೀಗಳ ಬೂದು ಬಣ್ಣದ ಇಂಧನ ಕೊಳವೆಗಳ ಕಥೆ ಹಳಬರಿಗೆಲ್ಲ ಗೊತ್ತು. ಆ ಕೊಳವೆಗಳು ಒಳಗೊಳಗೇ ಕರಗಿ ಹಸಿರು ಲೋಳೆಯಾಗುತ್ತವೆ, ಆ ಲೋಳೆ ಕಾರ್ಬ್ಯುರೇಟರಿಗೆ ಹೋಗಿ ಕೂರುತ್ತದೆ, ಸಾಕಷ್ಟು ಪೆಟ್ರೋಲ್ ಸಿಗದೆ ಎಂಜಿನ್ ಪಿಸ್ಟನ್ ಸುಟ್ಟುಕೊಳ್ಳುತ್ತದೆ. ಇಂಥ ಯಂತ್ರ ಎಷ್ಟೇ ಕಡಿಮೆ ಓಡಿರಲಿ, ಕೊಳವೆ ಬದಲಾಯಿಸಿಲ್ಲವೆಂದರೆ ನಾನು ಕೈಹಾಕುವುದಿಲ್ಲ. ಪ್ರತಿ ವಾರ ಓಡಿ, ಪ್ರತಿ ವರ್ಷ ಎಣ್ಣೆ ಬದಲಾಯಿಸಿಕೊಂಡು, ಮೀಟರಿನಲ್ಲಿ ದೊಡ್ಡ ಅಂಕಿ ಹೊತ್ತು ನಿಂತಿರುವ ಯಂತ್ರವೇ ನನಗೆ ಇಷ್ಟ.

ಉಪ್ಪು ನೀರಿನ ಮಾತು ಬೇರೆಯೇ. ಯಮಾಹಾ, ಕವಾಸಾಕಿ ಯಂತ್ರಗಳಲ್ಲಿ ಹೊರಗಿನ ನೀರೇ ಎಂಜಿನ್ನಿನೊಳಗೆ ಹರಿದು ಅದನ್ನು ತಣ್ಣಗಿಡುತ್ತದೆ. ಸೀ-ಡೂ ಫೋರ್ ಸ್ಟ್ರೋಕ್ ಯಂತ್ರಗಳಲ್ಲಿ ಕೂಲೆಂಟ್ ಒಳಗೇ ಸುತ್ತುತ್ತದೆಯಾದರೂ ಎಕ್ಸಾಸ್ಟ್ ತಣಿಸುವುದು ಹೊರಗಿನ ನೀರೇ. ಹಾಗಾಗಿ ಸಮುದ್ರದಲ್ಲಿ ಓಡಿದ ಮೇಲೆ ಸಿಹಿನೀರು ಹಾಯಿಸಿ ತೊಳೆಯದ ಯಂತ್ರ ಯಾವ ಕಂಪನಿಯದ್ದಾದರೂ ಒಳಗೆ ಕೊಳೆಯುತ್ತಿರುತ್ತದೆ. ಮಾಲೀಕರನ್ನು ಅಳೆಯಲು ನಾನು ಒಂದು ಪ್ರಶ್ನೆ ಕೇಳುತ್ತೇನೆ: 'ಹೇಗೆ ತೊಳೆಯುತ್ತೀರಿ, ತೋರಿಸಿ.' ಗೊತ್ತಿದ್ದವರು ಮೊದಲು ಎಂಜಿನ್ ಚಾಲೂ ಮಾಡಿ ಆಮೇಲೆ ನೀರು ಬಿಡುತ್ತಾರೆ, ನಿಲ್ಲಿಸುವಾಗ ಮೊದಲು ನೀರು ಮುಚ್ಚಿ ಆಮೇಲೆ ಎಂಜಿನ್ ಆರಿಸುತ್ತಾರೆ. ಕ್ರಮ ತಪ್ಪಿದರೆ ಎಕ್ಸಾಸ್ಟ್ ಮೂಲಕ ನೀರು ಸಿಲಿಂಡರಿಗೆ ನುಗ್ಗುವ ಅಪಾಯವಿದೆ. ಈ ಪ್ರಶ್ನೆಗೆ ತಡವರಿಸುವವರ ಯಂತ್ರವನ್ನು ಎರಡು ಪಟ್ಟು ಅನುಮಾನದಿಂದ ನೋಡಿ.

ಸೀಟು ಎತ್ತಿ. ಒಳಗೆಲ್ಲ ಎಣ್ಣೆಯ ಸ್ಪ್ರೇ ಹೊಡೆದು ಮಿರಿಮಿರಿ ಮಿಂಚಿಸಿದ್ದರೆ ಅದನ್ನು ಕಾಳಜಿ ಎಂದುಕೊಳ್ಳುವ ಮುನ್ನ ಟಾರ್ಚ್ ಹಿಡಿದು ಮೂಲೆಗಳನ್ನು ನೋಡಿ. ಬ್ಯಾಟರಿಯ ಕೆಳಗೆ, ಫೋಮ್ ತುಂಡುಗಳ ಹಿಂದೆ, ವೈರುಗಳ ಕ್ಲಿಪ್ಪುಗಳಲ್ಲಿ ಸ್ಪ್ರೇ ತಲುಪುವುದಿಲ್ಲ. ಒಳಗೋಡೆಯ ಮೇಲೆ ಒಂದೇ ಎತ್ತರದಲ್ಲಿ ಸಾಗುವ ಕೆಸರಿನ ಗೆರೆ ಕಂಡರೆ, ಕನೆಕ್ಟರ್ ಬಿಡಿಸಿದಾಗ ಹಸಿರು ಕಿಲುಬು ಕಂಡರೆ, ಆ ಯಂತ್ರ ಒಮ್ಮೆ ನೀರು ತುಂಬಿಕೊಂಡಿತ್ತೆಂದೇ ನಾನು ತಿಳಿಯುತ್ತೇನೆ. ಫೋರ್ ಸ್ಟ್ರೋಕ್ ಆದರೆ ಎಂಜಿನ್ ಎಣ್ಣೆ ಅಳೆಯುವ ಕಡ್ಡಿಯನ್ನು, ಅಂದರೆ ಡಿಪ್‌ಸ್ಟಿಕ್ಕನ್ನು ಎಳೆಯಿರಿ. ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಅದರಲ್ಲಿ ನೀರು ಸೇರಿದೆ. ಅಲ್ಲಿಗೆ ಮಾತುಕತೆ ಮುಗಿಸಿ ಬನ್ನಿ, ಎಷ್ಟೇ ಇಳಿಸಿ ಕೊಡುತ್ತೇನೆಂದರೂ ಬೇಡ.

ಕಂಪ್ರೆಷನ್, ಅಂದರೆ ಪ್ರತಿ ಸಿಲಿಂಡರಿನೊಳಗಿನ ಒತ್ತಡ, ಅಳತೆ ಮಾಡಿಸುವುದನ್ನು ದುಬಾರಿ ಎಂದು ಬಿಡಬೇಡಿ. ಎಲ್ಲ ಸಿಲಿಂಡರುಗಳ ಅಂಕಿ ಹತ್ತಿರಹತ್ತಿರ ಇರಬೇಕು. ಒಂದು ಉಳಿದವುಗಳಿಗಿಂತ ಶೇಕಡಾ 10ಕ್ಕಿಂತ ಹೆಚ್ಚು ಕೆಳಗಿದ್ದರೆ ಒಳಗೆ ಏನೋ ಸವೆದಿದೆ. ಸೂಪರ್‌ಚಾರ್ಜರ್ (ಎಂಜಿನ್ನಿಗೆ ಹೆಚ್ಚು ಗಾಳಿ ಒತ್ತಿ ತುಂಬುವ ಭಾಗ) ಇರುವ ಹಳೆಯ ಸೀ-ಡೂ ಆದರೆ ಅದನ್ನು ಬಿಚ್ಚಿ ರಿಪೇರಿ ಮಾಡಿಸಿದ ಬಿಲ್ ಕೇಳಿ. ಆರಂಭದ ಮಾದರಿಗಳ ಸೂಪರ್‌ಚಾರ್ಜರಿನಲ್ಲಿ ಸೆರಾಮಿಕ್ ವಾಷರುಗಳಿದ್ದವು. ಅವು ಒಡೆದರೆ ಚೂರುಗಳು ಎಣ್ಣೆಯ ಜೊತೆ ಎಂಜಿನ್ನಿಗೆ ಸೇರುತ್ತವೆ. ಬಿಲ್ ಇಲ್ಲದಿದ್ದರೆ ಆ ಕೆಲಸ ಆಗಿಲ್ಲವೆಂದೇ ಲೆಕ್ಕ ಹಾಕಿ, ಅದರ ಖರ್ಚನ್ನು ಬೆಲೆಯಿಂದ ಕಳೆಯಿರಿ.

ಇಷ್ಟೆಲ್ಲ ನೋಡಿದ ಮೇಲೂ ಯಂತ್ರವನ್ನು ನೀರಿಗಿಳಿಸದೆ ಹಣ ಕೊಡಬೇಡಿ. ಈ ವಿಷಯದಲ್ಲಿ ನಾನು ಯಾರ ಜೊತೆಗೂ ರಾಜಿಯಾಗುವುದಿಲ್ಲ. ಟ್ರೇಲರ್ ಮೇಲೆ ಅರೆ ನಿಮಿಷ ಗುರ್ರೆನ್ನಿಸಿ 'ಕೇಳಿದಿರಲ್ಲ, ಎಷ್ಟು ಚೆನ್ನಾಗಿದೆ' ಎನ್ನುವುದು ಪರೀಕ್ಷೆಯಲ್ಲ. ನೀವು ಬರುವ ಮೊದಲೇ ಎಂಜಿನ್ ಬೆಚ್ಚಗಿದ್ದರೆ ಕಾರಣ ಕೇಳಿ, ಏಕೆಂದರೆ ತಣ್ಣಗಿರುವಾಗ ಚಾಲೂ ಆಗಲು ಹಟ ಮಾಡುವ ಎಂಜಿನ್ ಬಿಸಿಯಾದ ಮೇಲೆ ಸಾಧುವಾಗಿಬಿಡುತ್ತದೆ. ನೀರಿನ ಮೇಲೆ ಥ್ರಾಟಲ್ ಪೂರ್ತಿ ಒತ್ತಿದಾಗ ಎಂಜಿನ್ ಸದ್ದು ಏರುತ್ತಾ ಹೋಗಿ ವೇಗ ಮಾತ್ರ ಏರದಿದ್ದರೆ ತೊಂದರೆ ನೀರನ್ನು ಹಿಂದಕ್ಕೆ ಚಿಮ್ಮಿಸಿ ಯಂತ್ರವನ್ನು ಮುಂದೂಡುವ ಪಂಪಿನಲ್ಲಿದೆ. ಆಳವಿಲ್ಲದ ಕಡೆ ಓಡಿಸಿದಾಗ ಒಳಗೆಳೆದ ಕಲ್ಲು ಮರಳು ಪಂಪಿನೊಳಗೆ ತಿರುಗುವ ರೆಕ್ಕೆಯ, ಅಂದರೆ ಇಂಪೆಲ್ಲರಿನ ಅಂಚನ್ನು ಕಚ್ಚಿರುತ್ತವೆ, ಅದರ ಸುತ್ತಲಿನ ಬಳೆಯನ್ನು ಸವೆಸಿರುತ್ತವೆ. ದಡಕ್ಕೆ ಬಂದ ಕೂಡಲೇ ಮತ್ತೆ ಸೀಟು ಎತ್ತಿ ನೋಡಿ. ಹೋಗುವಾಗ ಒಣಗಿದ್ದ ತಳದಲ್ಲಿ ಬರುವಾಗ ನೀರು ನಿಂತಿದ್ದರೆ ಎಂಜಿನ್ನಿನಿಂದ ಪಂಪಿಗೆ ಹೋಗುವ ಡ್ರೈವ್ ಶಾಫ್ಟಿನ ಸೀಲ್ ಸೋರುತ್ತಿರಬಹುದು, ಹಾಗೆಯೇ ಬಿಟ್ಟರೆ ಯಂತ್ರ ಮುಳುಗುತ್ತದೆ. ರಸ್ತೆಯಲ್ಲಿ ಕೆಟ್ಟ ವಾಹನವನ್ನು ಪಕ್ಕಕ್ಕೆ ತಳ್ಳಿ ನಿಲ್ಲಬಹುದು. ದಡದಿಂದ ದೂರದಲ್ಲಿ ಗಾಳಿ ಎದ್ದಿರುವಾಗ ಎಂಜಿನ್ ನಿಂತರೆ ನಿಲ್ಲಲು ಪಕ್ಕವೆಂಬುದೇ ಇಲ್ಲ.

ಕಾಗದಪತ್ರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಿಂಭಾಗದಲ್ಲಿರುವ ಗುರುತಿನ ಸಂಖ್ಯೆ ದಾಖಲೆಗೆ ಹೊಂದಬೇಕು, ಕೆರೆದ ಗುರುತಿರಬಾರದು, ಸಾಲ ಬಾಕಿ ಇರಬಾರದು. ಟ್ರೇಲರಿಗೆ ಬೇರೆ ದಾಖಲೆ ಬೇಕಾಗುವ ಕಡೆ ಅದನ್ನೂ ಕೇಳಿ. ಜೊತೆಗೆ, ನೀವು ಓಡಿಸಬೇಕೆಂದಿರುವ ನೀರಿನಲ್ಲಿ ಆ ಎಂಜಿನ್ನಿಗೆ ಅನುಮತಿ ಇದೆಯೇ ತಿಳಿದುಕೊಳ್ಳಿ. ಅಮೆರಿಕದ ಟಾಹೋ ಸರೋವರದಲ್ಲಿ ಕಾರ್ಬ್ಯುರೇಟರಿನ ಟು ಸ್ಟ್ರೋಕ್ ಎಂಜಿನ್ನುಗಳಿಗೆ 1999ರಲ್ಲೇ ನಿಷೇಧ ಬಂತು. ಅಗ್ಗಕ್ಕೆ ಸಿಕ್ಕಿತೆಂದು ತಂದ ಯಂತ್ರವನ್ನು ಇಳಿಸಲು ನೀರೇ ಇಲ್ಲದಂತಾಗಬಾರದು.

ಇನ್ನು ಮಾರುವವರಲ್ಲಿ ನನ್ನ ಕಳಕಳಿಯ ವಿನಂತಿ. ದೋಷ ಮುಚ್ಚಿಟ್ಟರೆ ನಿಮಗೆ ಸಿಗುವುದು ಒಂದಿಷ್ಟು ಹೆಚ್ಚು ಹಣ, ಕೊಂಡವರಿಗೆ ಆಗುವುದು ನಡುನೀರಿನ ಗಂಡಾಂತರ. ಆ ಯಂತ್ರದ ಮೇಲೆ ಅವರ ಮಕ್ಕಳೂ ಕೂರುತ್ತಾರೆ. ಸರ್ವೀಸ್ ಬಿಲ್ಲುಗಳನ್ನು ಒಂದು ಫೈಲಿನಲ್ಲಿ ಜೋಡಿಸಿಡಿ, ಒಡಲಿನ ಗೀರುಗಳ ಫೋಟೋವನ್ನು ನೀವೇ ಮೊದಲು ಹಾಕಿ, ಎಂಜಿನ್ ಮುಟ್ಟದೆ ತಣ್ಣಗಿಟ್ಟು ಕರೆಯಿರಿ. ಕಂಪ್ರೆಷನ್ ಅಂಕಿಗಳನ್ನು ಮೊದಲೇ ಕೈಗಿಟ್ಟವರ ಜೊತೆ ಚೌಕಾಸಿ ಮಾಡಲು ಯಾರಿಗೂ ಹೆಚ್ಚು ಮಾತು ಉಳಿಯುವುದಿಲ್ಲ. ನಿಮಗೂ ಒಳ್ಳೆಯ ಬೆಲೆಯೇ ಬರುತ್ತದೆ.

ಹಾಗೆಯೇ, ಕೊಳ್ಳುವವರು ಹೊಸಬರಾದರೆ ಕೀಲಿ ಕೊಟ್ಟು ಕೈತೊಳೆದುಕೊಳ್ಳಬೇಡಿ. ಥ್ರಾಟಲ್ ಬಿಟ್ಟ ಕ್ಷಣ ಹೆಚ್ಚಿನ ಹಳೆಯ ಯಂತ್ರಗಳು ಹ್ಯಾಂಡಲ್ ತಿರುಗಿಸಿದರೂ ತಿರುಗುವುದಿಲ್ಲ, ಏಕೆಂದರೆ ತಿರುಗಿಸುವುದು ಹಿಂದಿನಿಂದ ಚಿಮ್ಮುವ ನೀರು. ಅದು ನಿಂತರೆ ಯಂತ್ರ ನೇರವಾಗಿ ಜಾರುತ್ತದೆ. ಸೀ-ಡೂ ತನ್ನ ಯಂತ್ರಗಳಿಗೆ ಬ್ರೇಕ್ ತಂದದ್ದೇ 2009ರಲ್ಲಿ. ಅದಕ್ಕೂ ಹಿಂದಿನದನ್ನು ಮಾರುತ್ತಿದ್ದರೆ ಈ ಮಾತನ್ನು ಬಾಯಲ್ಲಿ ಹೇಳಿದರೆ ಸಾಲದು. ಎದುರಿಗೆ ಅಡ್ಡಿ ಬಂದಾಗ ಹೊಸಬರ ಕೈ ಮೊದಲು ಮಾಡುವುದು ಥ್ರಾಟಲ್ ಬಿಡುವುದನ್ನೇ. ಲೈಫ್ ಜಾಕೆಟ್ ಹಾಕಿಸಿ, ಸವಾರ ಬಿದ್ದರೆ ಎಂಜಿನ್ ಆರಿಸುವ ದಾರವನ್ನು ಅವರ ಮಣಿಕಟ್ಟಿಗೋ ಜಾಕೆಟ್ಟಿಗೋ ಸಿಕ್ಕಿಸಿ, ಯಾರೂ ಇಲ್ಲದ ತೆರೆದ ನೀರಿನಲ್ಲಿ ಒಮ್ಮೆ ಥ್ರಾಟಲ್ ಬಿಟ್ಟು, ಇನ್ನೊಮ್ಮೆ ಸ್ವಲ್ಪ ಒತ್ತಿ ತಿರುಗಿಸಲು ಹೇಳಿ. ಮಗುಚಿದರೆ ಯಾವ ದಿಕ್ಕಿಗೆ ಹೊರಳಿಸಬೇಕೆಂದು ಹಿಂಭಾಗದ ಸ್ಟಿಕ್ಕರಿನಲ್ಲಿ ಬರೆದಿರುತ್ತದೆ, ಅದನ್ನೂ ತೋರಿಸಿ. ಸ್ಟಿಕ್ಕರ್ ಅಳಿಸಿಹೋಗಿದ್ದರೆ ಹೊಸದನ್ನು ಅಂಟಿಸಿಯೇ ಕೊಡಿ.